ಎಸ್‌ಎಸ್‌ಎಚ್ ಪ್ರೈವೇಟ್ ಕೀಗಳನ್ನ ಹೆಂಗ್ ಇಟ್ಕೊಂಡಿದೀರ? ಏಜೆಂಟ್, ಪಾಸ್‌ಫ್ರೇಸ್, "ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್" ಎಲ್ಲಾ ಸೇರಿ

ರೋಬಸ್ಟಾ_ರೂಟ್:

ಎಲ್ರಿಗೂ ನಮಸ್ಕಾರ. ವರ್ಕ್ ಫ್ರಮ್ ಹೋಮ್ ಅಂತ ಊರಲ್ಲೇ ಇದೀನಿ, ಮೂಡಿಗೆರೆಯಿಂದ ಸ್ವಲ್ಪ ಒಳಗೆ. ಕೆಲಸ ಪೂರ್ತಿ ಟರ್ಮಿನಲ್‌ನಲ್ಲೇ, ದೂರದ ಮಿಷಿನ್‌ಗಳಿಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿ. ಪಾಸ್‌ವರ್ಡ್ ಬದಲು ಕೀ ಜೋಡಿ, ಪ್ರೈವೇಟ್ ಕೀ ನನ್ ಹತ್ರ, ಪಬ್ಲಿಕ್ ಕೀ ಸರ್ವರ್‌ನಲ್ಲಿ. ಆಫೀಸಿಂದು ಒಂದಷ್ಟು ಸರ್ವರ್, ನಂದೇ ಒಂದು ಬಾಡಿಗೆ ವಿಪಿಎಸ್ (ಇಂಟರ್ನೆಟ್‌ನಲ್ಲಿರೋ ವರ್ಚುವಲ್ ಸರ್ವರ್), ಗಿಟ್‌ಹಬ್, ಆಮೇಲೆ ತೋಟದಲ್ಲಿ ಮಳೆ ಅಳೆಯಕ್ಕೆ ಇಟ್ಟಿರೋ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್. ಒಂದೊಂದಕ್ಕೂ ಒಂದೊಂದು ಕೀ ಅಂತ ಮಾಡ್ಕೊಂಡು ಬಂದು ಈಗ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ತೆಗೆದ್ರೆ ಸಂತೆ ಥರ ಇದೆ.

ತಲೆನೋವು ಮೂರು. ಒಂದು, ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೆಲ್ಲ ಗೊತ್ತಲ್ಲ, ಇನ್ವರ್ಟರ್ ಕೈ ಕೊಟ್ಟು ಮಿಷಿನ್ ಆಫ್ ಆದಾಗೆಲ್ಲ ಎಲ್ಲ ಕೀಗೂ ಪಾಸ್‌ಫ್ರೇಸ್ (ಕೀ ಫೈಲ್‌ಗೆ ಹಾಕಿರೋ ಗುಪ್ತಪದ) ಮತ್ತೆ ಟೈಪ್ ಮಾಡ್ಬೇಕು. ಎರಡು, ಹೊಸ ಸರ್ವರ್‌ಗೆ ಪಾಸ್‌ವರ್ಡ್ ಕೊಟ್ಟು ಹೋಗೋಣ ಅಂದ್ರೆ ಪಾಸ್‌ವರ್ಡ್ ಕೇಳೋದೇ ಇಲ್ಲ, ಸೀದಾ "ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್" ಅಂತ ಹೊರಗೆ ತಳ್ಳುತ್ತೆ, ನಾನು ಇನ್ನೂ ಒಂದಕ್ಷರ ಹೊಡೆದಿರಲ್ಲ. ಮೂರು, ಚಿಕ್ಕಪ್ಪನ ಮಗ ಬೆಂಗಳೂರಿಂದ ಆ ಪೈ ನೋಡ್ಕೋತೀನಿ ಅಂತಾನೆ, "ನಿನ್ ಕೀ ವಾಟ್ಸ್ಯಾಪ್ ಮಾಡು" ಅಂದ. ಯಾಕೋ ಮನಸ್ಸು ಬರ್ಲಿಲ್ಲ. ನೀವೆಲ್ಲ ಇದನ್ನ ಹೆಂಗೆ ಸಂಭಾಳಿಸ್ತೀರ?

ಹೇಮಾವತಿ_ದಂಡೆ:

ಎರಡನೇದು ಮೊದ್ಲು ಮುಗಿಸ್ಬುಡ್ತೀನಿ, ಅದು ಭಾರಿ ಸುಲಭ. ನಿಮ್ ಏಜೆಂಟ್‌ನಲ್ಲಿ (ಬಿಚ್ಚಿದ ಕೀಗಳನ್ನ ಮೆಮೊರಿಯಲ್ಲಿ ಇಟ್ಕೊಳ್ಳೋ ಪ್ರೋಗ್ರಾಂ) ಕೂತಿರೋ ಕೀಗಳನ್ನ ಕ್ಲೈಂಟು ಒಂದಾದ ಮೇಲೆ ಒಂದು ಸರ್ವರ್ ಮುಂದೆ ಹಿಡೀತಾ ಹೋಗ್ತದೆ, ಇದು ಆಯ್ತದಾ, ಇದು ಆಯ್ತದಾ ಅಂತ. ಸರ್ವರ್ ಕಡೆ ಮ್ಯಾಕ್ಸ್‌ಆಥ್‌ಟ್ರೈಸ್ ಅಂತ ಒಂದು ಸೆಟಿಂಗ್ ಐತೆ, ಡೀಫಾಲ್ಟ್ 6. ಒಪ್ಪದೇ ಇರೋ ಒಂದೊಂದು ಕೀನೂ ಒಂದೊಂದು ಫೇಲ್ ಅಂತ ಲೆಕ್ಕ. ಏಜೆಂಟ್‌ನಲ್ಲಿ ಏಳೆಂಟು ಕೀ ಇದ್ರೆ ಪಾಸ್‌ವರ್ಡ್ ಕೇಳೋ ಸರದಿ ಬರೋ ಮುಂಚೆನೇ ಕೋಟಾ ಖಾಲಿ. ಎಸ್‌ಎಸ್‌ಎಚ್ ಕಮಾಂಡ್‌ಗೆ ಮೈನಸ್ ವಿ ಹಾಕಿ ಒಂದ್ಸಲ ಓಡಿಸಿ ನೋಡಿ, "ಆಫರಿಂಗ್ ಪಬ್ಲಿಕ್ ಕೀ" ಅಂತ ಸಾಲಾಗಿ ಬರ್ತದೆ, ಕಣ್ಣಿಗೇ ಕಾಣ್ತದೆ.

ಔಷಧಿ ಕಾನ್ಫಿಗ್ ಫೈಲ್. ಇಲ್ಲಿ ಓದೋ ಥರ ಬರ್ದಿದೀನಿ, ನೀವು ಇಂಗ್ಲಿಷಲ್ಲಿ ಹಾಕ್ಕೊಳ್ಳಿ:

ಹೋಸ್ಟ್ ಮಳೆ
   ಹೋಸ್ಟ್‌ನೇಮ್ (ಪೈ ಅಡ್ರೆಸ್)
   ಯೂಸರ್ ಪೈ
   ಐಡೆಂಟಿಟಿಫೈಲ್ (ಆ ಕೀ ಇರೋ ಜಾಗ)
   ಐಡೆಂಟಿಟೀಸ್‌ಓನ್ಲಿ ಯೆಸ್

ಆ ಕೊನೇ ಸಾಲೇ ಮುಖ್ಯ. ಬರೀ ಐಡೆಂಟಿಟಿಫೈಲ್ ಕೊಟ್ಟು ಬಿಟ್ರೆ ಏಜೆಂಟ್‌ನಲ್ಲಿರೋ ಮಿಕ್ಕಿದ್ದನ್ನೂ ತೋರಿಸ್ತಾನೇ ಇರ್ತದೆ. ಜನ ಇದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಬರೀತಾರೆ, ಆಮೇಲೆ ಕಾನ್ಫಿಗ್ ಕೆಲಸ ಮಾಡ್ತಿಲ್ಲ ಅಂತಾರೆ. ಇನ್ನೊಂದು, ಈ ಫೈಲ್‌ನಲ್ಲಿ ಒಂದು ಸೆಟಿಂಗ್‌ಗೆ ಮೊದ್ಲು ಸಿಕ್ಕಿದ ಬೆಲೆನೇ ಫೈನಲ್, ಅದಕ್ಕೆ "ಹೋಸ್ಟ್ ಸ್ಟಾರ್" ಅನ್ನೋ ಎಲ್ಲಕ್ಕೂ ಅನ್ವಯಿಸೋ ಬ್ಲಾಕ್ ಕೆಳಗಡೆ ಇಡಿ, ಮೇಲಿಟ್ರೆ ಅದರಲ್ಲಿರೋ ಸೆಟಿಂಗ್‌ನ ಕೆಳಗೆ ಬೇರೆ ಥರ ಬರೆದ್ರೂ ಕೇಳಲ್ಲ. ಹೊಸ ಸರ್ವರ್‌ಗೆ ಪಾಸ್‌ವರ್ಡ್‌ನಲ್ಲೇ ಹೋಗ್ಬೇಕು ಅಂದ್ರೆ ಅದೊಂದ್ಸಲಕ್ಕೆ ಮೈನಸ್ ಓ ಪಬ್‌ಕೀಅಥೆಂಟಿಕೇಶನ್ ನೋ ಅಂತ ಹಾಕಿ ಸಾಕು.

ಕಡೂರು_ಜಂಕ್ಷನ್:

ಅಷ್ಟೆಲ್ಲ ಯಾಕ್ರೀ. ಪಾಸ್‌ಫ್ರೇಸ್ ತೆಗೆದು ಬಿಸಾಕಿ, ಒಂದೇ ಕೀ ಎಲ್ಲದಕ್ಕೂ ಹಾಕಿ. ನನ್ ಲ್ಯಾಪ್‌ಟಾಪ್ ನನ್ ಹತ್ರಾನೇ ಇರುತ್ತೆ, ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ. ಆರಾಮಾಗಿದೀನಿ.

ಟರ್ಮಿನಲ್_ತಾತ:

ಕಡೂರಿನವರೇ, ಡಿಸ್ಕ್ ಎನ್‌ಕ್ರಿಪ್ಶನ್ ಅನ್ನೋದು ಮಿಷಿನ್ ಆಫ್ ಆಗಿದ್ದಾಗ ಮಾತ್ರ ಕಾಯೋದು. ನೀವು ಲಾಗಿನ್ ಆಗಿ ಕೂತಿರೋವಾಗ ಯಾವುದೋ ಎಡವಟ್ಟು ಪ್ಯಾಕೇಜ್ ಹಾಕಿ ಅದು ಹೋಮ್ ಡೈರೆಕ್ಟರಿ ಗುಡಿಸ್ಕೊಂಡು ಹೋದ್ರೆ ಡಿಸ್ಕ್ ಎನ್‌ಕ್ರಿಪ್ಶನ್ ಕೈ ಕಟ್ಕೊಂಡು ನಿಂತಿರುತ್ತೆ. ಪಾಸ್‌ವರ್ಡ್, ಕೀ ಕದಿಯೋ ಮಾಲ್‌ವೇರ್‌ಗಳು ಮೊದಲು ನೋಡೋ ಜಾಗಗಳಲ್ಲಿ ಡಾಟ್ ಎಸ್‌ಎಸ್‌ಎಚ್ ಒಂದು. ಬ್ಯಾಕಪ್ ಬೇರೆ ಕಡೆ ಹೋಗಿರುತ್ತೆ, ಡಾಟ್‌ಫೈಲ್ಸ್ ಅಂತ ಗಿಟ್‌ಗೆ ಪುಶ್ ಮಾಡಿರ್ತೀರ, ಹಳೇ ಪೆನ್‌ಡ್ರೈವ್‌ನಲ್ಲಿ ಒಂದು ಕಾಪಿ. ಪಾಸ್‌ಫ್ರೇಸ್ ಇದ್ರೆ ಫೈಲ್ ಹೋದ್ರೂ ನಿಮಗೆ ಟೈಮ್ ಸಿಗುತ್ತೆ, ಅಷ್ಟರಲ್ಲಿ ಸರ್ವರ್‌ಗಳಿಂದ ಆ ಕೀ ತೆಗೀಬಹುದು.

ಅದ್ರಲ್ಲೂ ಒಂದು ಸೂಕ್ಷ್ಮ ಇದೆ. ನಿಮ್ಮ ಪ್ರೈವೇಟ್ ಕೀ ಫೈಲ್ ತೆಗೆದು ಮೊದಲ ಸಾಲು ನೋಡಿ. "ಬಿಗಿನ್ ಆರ್‌ಎಸ್‌ಎ ಪ್ರೈವೇಟ್ ಕೀ" ಅಂತ ಇದ್ರೆ ಅದು ಹಳೇ ಫಾರ್ಮ್ಯಾಟು. ಅದರಲ್ಲಿ ಪಾಸ್‌ಫ್ರೇಸ್‌ನಿಂದ ಎನ್‌ಕ್ರಿಪ್ಶನ್ ಕೀ ಮಾಡೋದು ಒಂದೇ ಒಂದು ಸುತ್ತು ಎಂಡಿ5 (ಹಳೇ, ವೇಗದ ಹ್ಯಾಶ್ ಲೆಕ್ಕ) ಹಾಕಿ, ಇವತ್ತಿನ ಗ್ರಾಫಿಕ್ಸ್ ಕಾರ್ಡ್ ಮುಂದೆ ಅದು ಏನೇನೂ ಅಲ್ಲ, ಪಾಸ್‌ಫ್ರೇಸ್ ಚಿಕ್ಕದಿದ್ರೆ ಬೇಗ ಒಡೀತಾರೆ. "ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ" ಅಂತ ಇದ್ರೆ ಹೊಸದು, ಬಿಕ್ರಿಪ್ಟ್ ಬಳಸುತ್ತೆ, ಒಂದೊಂದು ಗೆಸ್‌ಗೂ ಬೇಕಂತಲೇ ನಿಧಾನ ಮಾಡುತ್ತೆ. ಈ ಹೊಸ ಫಾರ್ಮ್ಯಾಟ್ ಬಂದಿದ್ದು 2014ರ ಓಪನ್‌ಎಸ್‌ಎಸ್‌ಎಚ್ (ನಾವೆಲ್ಲ ಬಳಸೋ ಎಸ್‌ಎಸ್‌ಎಚ್ ಸಾಫ್ಟ್‌ವೇರ್) 6.5ರಲ್ಲಿ, ಎಲ್ಲಾ ಕೀಗೂ ಡೀಫಾಲ್ಟ್ ಆಗಿದ್ದು 2018ರ 7.8ರಿಂದ. ಅದಕ್ಕೂ ಮುಂಚೆ ಮಾಡಿಟ್ಟ ಕೀ ಇನ್ನೂ ಹೊತ್ಕೊಂಡು ಓಡಾಡೋರು ಬೇಕಾದಷ್ಟು ಜನ ಇದಾರೆ.

ಬದಲಾಯಿಸೋದು ಒಂದು ಕಮಾಂಡ್ ಅಷ್ಟೇ, ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಪಿ, ಆಮೇಲೆ ಮೈನಸ್ ಎಫ್ ಕೊಟ್ಟು ಫೈಲ್ ಹೆಸರು. ಹಳೇ ಪಾಸ್‌ಫ್ರೇಸ್ ಕೇಳುತ್ತೆ, ಹೊಸದು ಕೇಳುತ್ತೆ, ಹೊಸ ಫಾರ್ಮ್ಯಾಟ್‌ನಲ್ಲಿ ಬರೆದಿಡುತ್ತೆ. ಮೈನಸ್ ಎ 100 ಅಂತ ಸೇರಿಸಿದ್ರೆ ಬಿಕ್ರಿಪ್ಟ್ ಸುತ್ತು ಜಾಸ್ತಿ. ಕೀ ಅದೇ ಇರುತ್ತೆ, ಸರ್ವರ್ ಕಡೆ ಏನೂ ಮುಟ್ಟಬೇಕಾಗಿಲ್ಲ. ಆದ್ರೆ ಹಳೇ ಪಾಸ್‌ಫ್ರೇಸ್ ಇರೋ ಹಳೇ ಕಾಪಿ ಬ್ಯಾಕಪ್‌ನಲ್ಲಿ ಎಲ್ಲೋ ಕೂತಿದ್ರೆ ಅದು ಹಾಗೇ ಇರುತ್ತೆ, ಮರೀಬೇಡಿ.

ಕಡೂರು_ಜಂಕ್ಷನ್:

ಸರಿ ತಾತ, ಎಂಡಿ5 ವಿಷಯ ಗೊತ್ತಿರ್ಲಿಲ್ಲ. ಆದ್ರೂ ದಿನಕ್ಕೆ ಇಪ್ಪತ್ತು ಸಲ ಪಾಸ್‌ಫ್ರೇಸ್ ಯಾರು ಹೊಡೀತಾರೆ.

ಹೇಮಾವತಿ_ದಂಡೆ:

ದಿನಕ್ಕೊಂದ್ಸಲ ಹೊಡೀರಿ ಸಾಕು, ಏಜೆಂಟ್ ಇರೋದೇ ಅದಕ್ಕೆ. ಎಸ್‌ಎಸ್‌ಎಚ್-ಏಜೆಂಟ್ ಬಿಚ್ಚಿದ ಕೀನ ಮೆಮೊರಿಯಲ್ಲಿ ಇಟ್ಕೊಂಡು ಕೂತಿರ್ತದೆ, ಕ್ಲೈಂಟು ಬಂದು ಸೈನ್ ಮಾಡ್ಕೊಡು ಅಂದ್ರೆ ಸೈನ್ ಹಾಕಿ ಕೊಡ್ತದೆ, ಕೀನ ಮಾತ್ರ ಯಾರ ಕೈಗೂ ಕೊಡಲ್ಲ. ಕಾನ್ಫಿಗ್‌ನಲ್ಲಿ ಆಡ್‌ಕೀಸ್‌ಟುಏಜೆಂಟ್ ಯೆಸ್ ಅಂತ ಹಾಕಿ, ಮೊದಲನೇ ಸಲ ಬಳಸಿದಾಗ ಪಾಸ್‌ಫ್ರೇಸ್ ಕೇಳಿ ತಾನೇ ಒಳಗೆ ಹಾಕ್ಕೋತದೆ. 2016ರಿಂದ ಐತೆ ಇದು.

ರೋಬಸ್ಟಾ ಅಣ್ಣಂಗೆ: ಕರೆಂಟ್ ಹೋಗಿ ಮಿಷಿನ್ ಆಫ್ ಆದ್ರೆ ಏಜೆಂಟ್ ಖಾಲಿ ಆಗೋದು ತೊಂದ್ರೆ ಅಲ್ಲ, ಅದು ಇರೋದೇ ಹಂಗೆ. ನಂಗೆ ಅದಕ್ಕಿಂತ ಭಯ ಲ್ಯಾಪ್‌ಟಾಪ್ ಮುಚ್ಚಿಟ್ಟು ಬ್ಯಾಗ್‌ಗೆ ಹಾಕ್ಕೊಂಡು ಹಾಸನ ಬಸ್ಸು ಹತ್ತೋರನ್ನ ಕಂಡ್ರೆ. ಸಸ್ಪೆಂಡ್ ಆಗಿದ್ದಾಗ ಮೆಮೊರಿ ಜೀವಂತ, ಏಜೆಂಟ್ ಒಳಗಿರೋ ಕೀಗಳೂ ಜೀವಂತ, ಡಿಸ್ಕ್ ಬೀಗಾನೂ ತೆಗೆದೇ ಇರ್ತದೆ. ಅದಕ್ಕೆ ಎಸ್‌ಎಸ್‌ಎಚ್-ಆಡ್ ಮೈನಸ್ ಟಿ 8ಎಚ್ ಅಂತ ಹಾಕಿದ್ರೆ ಎಂಟು ಗಂಟೆ ಆದ್ಮೇಲೆ ತಾನೇ ಮರೀತದೆ. ಎದ್ದು ಹೋಗೋವಾಗ ಮೈನಸ್ ಕ್ಯಾಪಿಟಲ್ ಡಿ, ಎಲ್ಲಾ ಖಾಲಿ. ಆಫೀಸ್ ಪ್ರೊಡಕ್ಷನ್ ಕೀಗೆ ಮೈನಸ್ ಸಿ ಹಾಕಿಡಿ, ಪ್ರತಿ ಸಲ ಬಳಸೋವಾಗ "ಹೂಂ ಅಂತೀರಾ" ಅಂತ ಒಂದು ಡಬ್ಬಿ ಎದ್ದು ಬರ್ತದೆ, ನೀವು ಏನೂ ಮಾಡದೇ ಇರೋವಾಗ ಅದು ಎದ್ದು ಬಂತು ಅಂದ್ರೆ ಏನೋ ಕಿತಾಪತಿ ನಡೀತಾ ಐತೆ ಅಂತ ಅರ್ಥ. ಆ ಡಬ್ಬಿ ಬರಕ್ಕೆ ಎಸ್‌ಎಸ್‌ಎಚ್-ಆಸ್ಕ್‌ಪಾಸ್ ಇರ್ಬೇಕು.

ಅಜ್ಜನ_ಉಬುಂಟು:

ಇದಕ್ಕೇ ಒಂದು ಸೇರಿಸ್ತೀನಿ ಮಾರಾಯ್ರೆ. ಎಷ್ಟೋ ಜನ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಇವ್ಯಾಲ್ ಎಸ್‌ಎಸ್‌ಎಚ್-ಏಜೆಂಟ್ ಅಂತ ಹಾಕಿರ್ತಾರೆ, ಎಲ್ಲೋ ಕಾಪಿ ಮಾಡಿದ್ದು. ಹಾಗೆ ಮಾಡಿದ್ರೆ ಟರ್ಮಿನಲ್ ತೆಗೆದಾಗೆಲ್ಲ ಹೊಸ ಏಜೆಂಟ್ ಹುಟ್ಟುತ್ತೆ, ಈ ಕಿಟಕಿಯಲ್ಲಿ ಸೇರಿಸಿದ ಕೀ ಆ ಕಿಟಕಿಗೆ ಗೊತ್ತಿರಲ್ಲ, ಪ್ರೋಸೆಸ್ ಲಿಸ್ಟ್ ನೋಡಿದ್ರೆ ಅನಾಥ ಏಜೆಂಟ್‌ಗಳ ಸಾಲು. ಪಾಸ್‌ಫ್ರೇಸ್ ಪದೇ ಪದೇ ಕೇಳುತ್ತೆ ಅಂತ ಬೈಯ್ಯೋರಲ್ಲಿ ಅರ್ಧ ಜನರದ್ದು ಇದೇ ಕಾಯಿಲೆ. ಉಬುಂಟು ಡೆಸ್ಕ್‌ಟಾಪ್ ಆದ್ರೆ ಏಜೆಂಟ್ ಸಾಮಾನ್ಯವಾಗಿ ಮೊದಲೇ ಓಡ್ತಿರುತ್ತೆ, ಎಕೋ ಹಾಕಿ ಎಸ್‌ಎಸ್‌ಎಚ್_ಆಥ್_ಸಾಕ್ ಅನ್ನೋ ವೇರಿಯಬಲ್ ಖಾಲಿ ಇದೆಯಾ ಅಂತ ನೋಡಿ, ಇಲ್ಲಾಂದ್ರೆ ಇನ್ನೊಂದು ಎಬ್ಬಿಸೋದೇ ಬೇಡ. ಬರೀ ಕನ್ಸೋಲ್ ಇರೋ ಮಿಷಿನ್‌ಗೆ ಕೀಚೈನ್ ಅಂತ ಒಂದು ಸಣ್ಣ ಸ್ಕ್ರಿಪ್ಟ್ ಬರುತ್ತೆ, ಇರೋ ಏಜೆಂಟ್‌ನೇ ಹುಡುಕಿ ಎಲ್ಲಾ ಲಾಗಿನ್‌ಗೂ ಹಂಚುತ್ತೆ.

ಟಿಮಕ್ಸ್ (ಲೈನ್ ಹೋದ್ರೂ ಟರ್ಮಿನಲ್ ಸೆಶನ್ ಉಳಿಸೋ ಪ್ರೋಗ್ರಾಂ) ಬಳಸೋರಿಗೆ: ಲೈನ್ ಹೋಗಿ ಮತ್ತೆ ಕನೆಕ್ಟ್ ಆಗಿ ಹಳೇ ಸೆಶನ್‌ಗೆ ಅಟ್ಯಾಚ್ ಆದ್ಮೇಲೆ ಏಜೆಂಟ್ ಸಿಗ್ತಿಲ್ಲ ಅಂದ್ರೆ ಹಳೇ ಶೆಲ್ ಹಳೇ ಸಾಕೆಟ್ ದಾರಿ ಹಿಡ್ಕೊಂಡು ಕೂತಿದೆ ಅಂತ. ಹೊಸ ಪೇನ್ ತೆಗೀರಿ, ಅದರಲ್ಲಿ ಸರಿ ಇರುತ್ತೆ.

ಲ್ಯಾಬ್_ಮೇಷ್ಟ್ರು_ಹಾಸನ:

ಇಲ್ಲಿ ಎಲ್ಲರೂ ಲಿನಕ್ಸ್‌ನವರೇ ಮಾತಾಡ್ತಿದೀರ, ನಮ್ಮ ಲ್ಯಾಬ್‌ನ ಹುಡುಗ್ರೆಲ್ಲ ವಿಂಡೋಸ್. ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತೆ, ಅದಕ್ಕೆ ಇಲ್ಲೇ ಬರೆದಿಡ್ತೀನಿ, ಮುಂದೆ ಈ ಲಿಂಕ್ ಕೊಟ್ರಾಯ್ತು.

ವಿಂಡೋಸ್ 10ರ 1809 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ವಿಂಡೋಸ್ ಜೊತೆನೇ ಸಿಗುತ್ತೆ, ಪುಟ್ಟಿ (ವಿಂಡೋಸ್‌ನ ಬೇರೆ ಎಸ್‌ಎಸ್‌ಎಚ್ ಪ್ರೋಗ್ರಾಂ) ಹಾಕ್ಲೇಬೇಕು ಅಂತ ಏನಿಲ್ಲ. ಏಜೆಂಟ್ ಕೂಡ ಇದೆ, ಆದ್ರೆ ಸರ್ವಿಸಸ್ ಪಟ್ಟಿಯಲ್ಲಿ "ಓಪನ್‌ಎಸ್‌ಎಸ್‌ಎಚ್ ಅಥೆಂಟಿಕೇಶನ್ ಏಜೆಂಟ್" ಅನ್ನೋದು ಡಿಸೇಬಲ್ ಆಗಿ ಬಿದ್ದಿರುತ್ತೆ, ಅದನ್ನ ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಡಬೇಕು. ಲಿನಕ್ಸ್ ಏಜೆಂಟ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಇಲ್ಲಿ ಸೇರಿಸಿದ ಕೀ ರೀಬೂಟ್ ಆದ್ರೂ ಉಳ್ಕೊಳ್ಳುತ್ತೆ. ಅನುಕೂಲ ಹೌದು, ಲ್ಯಾಬ್‌ನಂಥ ಹತ್ತು ಜನ ಮುಟ್ಟೋ ಮಿಷಿನ್‌ನಲ್ಲಿ ಮಾತ್ರ ಸೇರಿಸ್ಬೇಡಿ.

ಪುಟ್ಟಿಯಿಂದ ಬಂದವರ ಹತ್ರ ಪಿಪಿಕೆ ಅನ್ನೋ ಅದರದ್ದೇ ಫಾರ್ಮ್ಯಾಟ್‌ನ ಕೀ ಫೈಲ್ ಇರುತ್ತೆ, ಅದು ಓಪನ್‌ಎಸ್‌ಎಸ್‌ಎಚ್‌ಗೆ ಅರ್ಥ ಆಗಲ್ಲ. ಪುಟ್ಟಿಜೆನ್‌ನಲ್ಲಿ ಲೋಡ್ ಮಾಡಿ, ಕನ್ವರ್ಶನ್ಸ್ ಮೆನುನಲ್ಲಿ ಎಕ್ಸ್‌ಪೋರ್ಟ್ ಓಪನ್‌ಎಸ್‌ಎಸ್‌ಎಚ್ ಕೀ ಅಂತಿದೆ.

ಆಮೇಲೆ ಎಲ್ಲರಿಗೂ ಬರೋ ದೊಡ್ಡ ತೊಂದರೆ ಡಬ್ಲ್ಯುಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೆ ಓಡೋ ಲಿನಕ್ಸ್). ಕೀನ ಸಿ ಡ್ರೈವ್‌ನಲ್ಲಿ ಇಟ್ಟು ಅಲ್ಲಿಂದಲೇ ಬಳಸಕ್ಕೆ ಹೋಗ್ತಾರೆ. ಸ್ಕ್ರೀನ್ ತುಂಬಾ ಅಟ್ ಚಿಹ್ನೆಗಳ ಚೌಕಟ್ಟು, ಮಧ್ಯ "ವಾರ್ನಿಂಗ್: ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್", ಕೆಳಗೆ ಪರ್ಮಿಶನ್ಸ್ 0777 ಆರ್ ಟೂ ಓಪನ್. ಹುಡುಗ್ರು ಸಿಎಚ್‌ಮಾಡ್ 600 (ಮಾಲೀಕ ಮಾತ್ರ ಓದೋ ಬರೆಯೋ ಹಾಗೆ) ಹೊಡೀತಾರೆ, ಎರರ್ ಏನೂ ಬರಲ್ಲ, ಮತ್ತೆ ಎಲ್‌ಎಸ್ ನೋಡಿದ್ರೆ ಅದೇ 777. ಯಾಕಂದ್ರೆ ಸಿ ಡ್ರೈವ್ ಅಲ್ಲಿ ಮೌಂಟ್ ಆಗಿರೋ ರೀತಿನಲ್ಲಿ, ಮೆಟಾಡೇಟಾ ಆಪ್ಶನ್ ಹಾಕಿಲ್ಲಾಂದ್ರೆ, ಲಿನಕ್ಸ್ ಪರ್ಮಿಶನ್ ನಿಲ್ಲೋದೇ ಇಲ್ಲ. ಡಬ್ಲ್ಯುಎಸ್‌ಎಲ್ ಒಳಗಿನ ಹೋಮ್ ಡೈರೆಕ್ಟರಿಯಲ್ಲೇ ಬೇರೆ ಕೀ ಮಾಡ್ಕೊಳ್ಳಿ, ಫೋಲ್ಡರ್ 700, ಫೈಲ್ 600, ಮುಗೀತು.

ಇದರದ್ದೇ ಇನ್ನೊಂದು ಮುಖ ಸರ್ವರ್ ಕಡೆ. ಎಲ್ಲಾ ಸರಿ ಇದೆ, ಆಥರೈಸ್ಡ್_ಕೀಸ್‌ನಲ್ಲಿ (ಒಳಗೆ ಬಿಡೋ ಪಬ್ಲಿಕ್ ಕೀಗಳ ಪಟ್ಟಿ ಇರೋ ಫೈಲ್) ಕೀ ಇದೆ, ಆದ್ರೂ ಪಾಸ್‌ವರ್ಡ್ ಕೇಳ್ತಿದೆ ಅಂದ್ರೆ ಸರ್ವರ್‌ನಲ್ಲಿ ನಿಮ್ಮ ಹೋಮ್ ಡೈರೆಕ್ಟರಿ ಗ್ರೂಪ್‌ಗೆ ಬರೆಯೋ ಹಾಗೆ ಬಿಟ್ಟಿದೀರಾ ನೋಡಿ. ಸ್ಟ್ರಿಕ್ಟ್‌ಮೋಡ್ಸ್ ಅಂತ ಇರುತ್ತೆ, ಅದು ನಿಮಗೆ ಏನೂ ಹೇಳದೆ ಕೀ ತಿರಸ್ಕಾರ ಮಾಡುತ್ತೆ, ಕಾರಣ ಸರ್ವರ್ ಲಾಗ್‌ನಲ್ಲಿ ಮಾತ್ರ ಬರೆದಿರುತ್ತೆ.

ರೋಬಸ್ಟಾ_ರೂಟ್:

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಐಡೆಂಟಿಟೀಸ್‌ಓನ್ಲಿ ಹಾಕಿದ ಕೂಡ್ಲೆ ಸರಿ ಹೋಯ್ತು. ಇನ್ನು ಚಿಕ್ಕಪ್ಪನ ಮಗಂದು, ಅವನಿಗೆ ಏನಂತ ಹೇಳ್ಲಿ? ಮತ್ತೆ ಆ ಪೈ ಸಮಾಚಾರ ಬೇರೆ ಇದೆ. ಅದು ಗಂಟೆಗೊಂದ್ಸಲ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸೋದು) ಮಳೆ ಲೆಕ್ಕನ ನನ್ ವಿಪಿಎಸ್‌ಗೆ ಕಳಿಸುತ್ತೆ. ಅಲ್ಲಿ ಪಾಸ್‌ಫ್ರೇಸ್ ಟೈಪ್ ಮಾಡಕ್ಕೆ ಮನುಷ್ಯ ಇರಲ್ಲ, ಅದಕ್ಕೆ ಪಾಸ್‌ಫ್ರೇಸ್ ಇಲ್ಲದ ಕೀ. ಪೈ ಇರೋದು ಡ್ರೈಯಿಂಗ್ ಯಾರ್ಡ್ ಪಕ್ಕದ ಶೆಡ್‌ನಲ್ಲಿ, ಯಾರಾದ್ರೂ ಎಸ್‌ಡಿ ಕಾರ್ಡ್ ಕಿತ್ಕೊಂಡು ಹೋದ್ರೆ ನನ್ ವಿಪಿಎಸ್ ಕಥೆ?

ಟರ್ಮಿನಲ್_ತಾತ:

ಅವನಿಗೆ ಹೀಗೆ ಹೇಳಿ: ತೋಟದ ಗೇಟಿಗೆ ಎಷ್ಟು ಬೀಗ ಬೇಕಾದ್ರೂ ಹಾಕಬಹುದು, ನೀನು ನಿನ್ನ ಬೀಗ ಕಳಿಸು, ನಾನು ಹಾಕಿಡ್ತೀನಿ, ಬೀಗದಕೈ ನಿನ್ನ ಹತ್ರಾನೇ ಇರ್ಲಿ. ಅಂದ್ರೆ ಅವನು ಅವನ ಮಿಷಿನ್‌ನಲ್ಲೇ ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಟಿ ಇಡಿ25519 ಓಡಿಸಿ, ಡಾಟ್ ಪಬ್ ಅಂತ ಕೊನೆಯಾಗೋ ಫೈಲ್ ಮಾತ್ರ ನಿಮಗೆ ಕಳಿಸ್ಬೇಕು. ಅದನ್ನ ವಾಟ್ಸ್ಯಾಪ್‌ನಲ್ಲಾದ್ರೂ ಕಳಿಸ್ಲಿ, ಬಸ್‌ಸ್ಟ್ಯಾಂಡ್ ಗೋಡೆ ಮೇಲಾದ್ರೂ ಅಂಟಿಸ್ಲಿ, ನೋಡಿದವರಿಗೆ ಅದರಿಂದ ಒಳಗೆ ಬರಕ್ಕಾಗಲ್ಲ. ಬಂದಿರೋದು ಅವನದೇ ಅಂತ ಫೋನ್‌ನಲ್ಲಿ ಫಿಂಗರ್‌ಪ್ರಿಂಟ್ (ಕೀಯ ಚಿಕ್ಕ ಗುರುತು) ಓದಿಸ್ಕೊಂಡು ಪೈನ ಆಥರೈಸ್ಡ್_ಕೀಸ್‌ಗೆ ಒಂದು ಸಾಲು ಸೇರಿಸಿ.

ಪ್ರೈವೇಟ್ ಕೀ ಹುಟ್ಟಿದ ಮಿಷಿನ್ ಬಿಟ್ಟು ಕದಲಬಾರದು. ಕೆಲಸಕ್ಕೊಂದು ಕೀ ಅನ್ನೋದಕ್ಕಿಂತ ಮಿಷಿನ್‌ಗೊಂದು, ಮನುಷ್ಯನಿಗೊಂದು ಕೀ ಅನ್ನೋದು ಮೇಲು. ನಿಮ್ಮ ಲ್ಯಾಪ್‌ಟಾಪ್‌ಗೆ ಆಫೀಸಿಗೆ ಒಂದು, ಸ್ವಂತಕ್ಕೆ ಒಂದು, ಎರಡು ಸಾಕು, ಆ ಸಂತೆ ಯಾಕೆ. ನಾಳೆ ಲ್ಯಾಪ್‌ಟಾಪ್ ಕಳೆದ್ರೆ ಅದರ ಕೀ ಸಾಲುಗಳನ್ನ ಮಾತ್ರ ತೆಗೀತೀರ, ಚಿಕ್ಕಪ್ಪನ ಮಗನ ಕೆಲಸ ನಿಲ್ಲಲ್ಲ. ಒಂದೇ ಕೀನ ನಾಲ್ಕು ಜನ ಹಂಚ್ಕೊಂಡಿದ್ರೆ ಒಬ್ಬನದು ಹೋದ್ರೂ ಎಲ್ಲರದೂ ಬದಲಾಯಿಸ್ಬೇಕು. ಯಾರು ಯಾವಾಗ ಒಳಗೆ ಬಂದ್ರು ಅಂತ ಲಾಗ್‌ನಲ್ಲೂ ಗೊತ್ತಾಗಲ್ಲ, ಎಲ್ಲಾ ಒಂದೇ ಫಿಂಗರ್‌ಪ್ರಿಂಟು.

ಗಿರಿ_ಮಂಜು_ಸರ್ವರ್:

ಪೈ ವಿಷಯ ನಾನು ಹೇಳ್ತೀನಿ, ನಮ್ ತೋಟದಲ್ಲೂ ಇದೇ ಥರ ಇದೆ. ಟಿಪ್ಪಿಂಗ್ ಬಕೆಟ್ ತಾನೆ ನಿಮ್ದು? ನಮ್ಮಪ್ಪ ಇನ್ನೂ ಮಿಲಿಮೀಟರ್ ಒಪ್ಪಲ್ಲ, ಇಂಚು-ಸೆಂಟ್ಸಲ್ಲೇ ಬೇಕು ಅಂತಾರೆ, ಹೂಮಳೆ ಎಷ್ಟು ಸೆಂಟ್ಸ್ ಬಂತು ಅಂತ ಪಕ್ಕದ ತೋಟದವರ ಹತ್ರ ಹೋಲಿಸ್ಬೇಕಲ್ಲ, ಅದಕ್ಕೆ 25.4ರಿಂದ ಭಾಗಿಸೋ ಸಾಲು ಸ್ಕ್ರಿಪ್ಟ್‌ನಲ್ಲೇ ಇದೆ.

ಇರ್ಲಿ. ಮನುಷ್ಯ ಇಲ್ಲದ ಕಡೆ ಪಾಸ್‌ಫ್ರೇಸ್ ಇಲ್ಲದ ಕೀ ಇಡೋದು ತಪ್ಪಲ್ಲ, ಆ ಕೀಗೆ ಏನು ಮಾಡಕ್ಕೆ ಬಿಡ್ತೀರ ಅನ್ನೋದು ಮುಖ್ಯ. ವಿಪಿಎಸ್‌ನಲ್ಲಿ ಮೊದ್ಲು ಮಳೆಗೇ ಅಂತ ಬೇರೆ ಯೂಸರ್ ಮಾಡಿ, ಸುಡೋ ಗಿಡೋ ಏನೂ ಇರಬಾರದು. ಅವನ ಆಥರೈಸ್ಡ್_ಕೀಸ್‌ನಲ್ಲಿ ಪೈ ಕೀ ಸಾಲಿನ ಮುಂದೆ ಇಷ್ಟು ಸೇರಿಸಿ:

ರಿಸ್ಟ್ರಿಕ್ಟ್,ಕಮಾಂಡ್="(ಮಳೆ ಲೆಕ್ಕ ತಗೊಳ್ಳೋ ಸ್ಕ್ರಿಪ್ಟ್ ಇರೋ ಪೂರ್ತಿ ದಾರಿ)"

ರಿಸ್ಟ್ರಿಕ್ಟ್ ಅಂದ್ರೆ ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್, ಎಕ್ಸ್11, ಟರ್ಮಿನಲ್ ಎಲ್ಲಾ ಬಂದ್. ಕಮಾಂಡ್ ಅಂದ್ರೆ ಆ ಕೀ ಹಿಡ್ಕೊಂಡು ಬಂದೋನು ಏನೇ ಕೇಳಿದ್ರೂ ಓಡೋದು ಆ ಸ್ಕ್ರಿಪ್ಟ್ ಒಂದೇ. ಪೈ ಕಡೆಯಿಂದ ಡೇಟಾನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಪೈಪ್ ಮಾಡಿ. ಈ ಕಡೆ ಸ್ಕ್ರಿಪ್ಟು ಬಂದಿದ್ದು ದಿನಾಂಕ ಮತ್ತೆ ನಂಬರೇನಾ ಅಂತ ನೋಡಿ ಫೈಲ್‌ಗೆ ಸೇರಿಸ್ಬೇಕು, ಬಂದಿದ್ದನ್ನ ಶೆಲ್‌ಗೆ ಹಾಕಬಾರದು. ಇಷ್ಟಾದ್ರೆ ಎಸ್‌ಡಿ ಕಾರ್ಡ್ ಕದ್ದವನಿಗೆ ಅತಿ ಹೆಚ್ಚು ಅಂದ್ರೆ ಸುಳ್ಳು ಮಳೆ ಸುರಿಸಬಹುದು. ಫ್ರಮ್= ಅಂತ ಹಾಕಿ ಐಪಿಗೂ ಬೇಲಿ ಹಾಕಬಹುದು, ಆದ್ರೆ ಸಿಮ್ ಡಾಂಗಲ್‌ನಲ್ಲಿ ಐಪಿ ಬದಲಾಗ್ತಾ ಇರುತ್ತೆ, ಒಂದಿನ ಡೇಟಾ ಬರ್ಲಿಲ್ಲ ಅಂತ ಮಳೆಯಲ್ಲಿ ಶೆಡ್‌ಗೆ ಓಡ್ತೀರ.

ಮತ್ತೆ ಬಹಳ ಜನ ಉಲ್ಟಾ ಮಾಡ್ತಾರೆ, ಪೈಗೆ ಲಾಗಿನ್ ಆಗೋ ತಮ್ಮ ಪ್ರೈವೇಟ್ ಕೀನೇ ಪೈ ಒಳಗೆ ಕಾಪಿ ಮಾಡಿ ಅಲ್ಲಿಂದ ವಿಪಿಎಸ್‌ಗೆ ಹೋಗೋದು. ಅದು ಮಾತ್ರ ಬೇಡ.

ಸಕಲೇಶಪುರ_ಸೀಮೆ:

ಏಜೆಂಟ್ ಫಾರ್ವರ್ಡಿಂಗ್ ಅಂದ್ರಲ್ಲ, ಅದು ಯಾಕೆ ಬಂದ್ ಮಾಡ್ಬೇಕು? ನಾನು ಆಫೀಸ್ ಜಂಪ್ ಸರ್ವರ್‌ಗೆ (ಒಳಗಿನ ಸರ್ವರ್‌ಗಳಿಗೆ ಹೋಗೋ ಹೆಬ್ಬಾಗಿಲು) ಯಾವಾಗ್ಲೂ ಮೈನಸ್ ಕ್ಯಾಪಿಟಲ್ ಎ, ಅಂದ್ರೆ ಏಜೆಂಟ್ ಫಾರ್ವರ್ಡಿಂಗ್, ಹಾಕೇ ಹೋಗೋದು, ಅಲ್ಲಿಂದ ಒಳಗಿನ ಸರ್ವರ್‌ಗಳಿಗೆ. ಕೀ ಅಂತೂ ನನ್ನ ಮಿಷಿನ್ ಬಿಟ್ಟು ಹೋಗಲ್ವಲ್ಲ.

ಹೇಮಾವತಿ_ದಂಡೆ:

ಕೀ ಹೋಗಲ್ಲ ದಿಟ, ಸೈನ್ ಮಾಡಿಸ್ಕೊಳ್ಳೋ ಅಧಿಕಾರ ಹೋಗ್ತದೆ. ಆ ಜಂಪ್ ಸರ್ವರ್‌ನಲ್ಲಿ ರೂಟ್ ಇರೋ ಯಾರೇ ಆಗ್ಲಿ, ನೀವು ಕನೆಕ್ಟ್ ಆಗಿರೋವಷ್ಟು ಹೊತ್ತು ನಿಮ್ಮ ಸಾಕೆಟ್ ಬಳಸ್ಕೊಂಡು ನಿಮ್ಮ ಹೆಸರಲ್ಲಿ ಬೇರೆ ಕಡೆ ಲಾಗಿನ್ ಆಗ್ಬೋದು, ಏಜೆಂಟ್‌ನಲ್ಲಿ ನಿಮ್ಮ ಸ್ವಂತ ಗಿಟ್‌ಹಬ್ ಕೀನೂ ಇದ್ರೆ ಅದನ್ನೂ ಸೇರಿಸಿ. ಅದೂ ಅಲ್ದೆ 2023ರಲ್ಲಿ ಒಂದು ತೂತು ಸಿಕ್ತು, ಸಿವಿಇ-2023-38408 ಅಂತ, ಫಾರ್ವರ್ಡ್ ಮಾಡಿದ ಏಜೆಂಟ್ ಮೂಲಕ ವಾಪಸ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕೋಡ್ ಓಡಿಸೋಕೆ ಆಯ್ತಿತ್ತು. ಓಪನ್‌ಎಸ್‌ಎಸ್‌ಎಚ್ 9.3ಪಿ2ನಲ್ಲಿ ಮುಚ್ಚಿದ್ರು.

ಮೈನಸ್ ಕ್ಯಾಪಿಟಲ್ ಜೆ ಹಾಕಿ, ಇಲ್ಲಾ ಕಾನ್ಫಿಗ್‌ನಲ್ಲಿ ಪ್ರಾಕ್ಸಿಜಂಪ್. ಜಂಪ್ ಸರ್ವರ್ ಬರೀ ಪೈಪ್ ಥರ ದಾಟಿಸ್ತದೆ, ಒಳಗಿನ ಸರ್ವರ್ ಜೊತೆ ಮಾತಾಡೋದು ನೇರ ನಿಮ್ಮ ಮಿಷಿನ್ನೇ, ಮಧ್ಯದವನಿಗೆ ಏಜೆಂಟೂ ಸಿಗಲ್ಲ ಏನೂ ಸಿಗಲ್ಲ. 2016ರ 7.3ರಿಂದ ಇರೋದು, ಟೈಪ್ ಮಾಡಕ್ಕೂ ಸುಲಭ. ಫಾರ್ವರ್ಡಿಂಗ್ ಬೇಕೇ ಬೇಕು ಅನ್ನೋ ಸಂದರ್ಭ ನಂಗಂತೂ ವರ್ಷಗಳಿಂದ ಬಂದಿಲ್ಲ.

ಕಡೂರು_ಜಂಕ್ಷನ್:

ಒಂದು ಡೌಟು. ಆರ್‌ಎಸ್‌ಎ ಸತ್ತೋಯ್ತು, ಎಲ್ರೂ ಇಡಿ25519ಗೆ ಹೋಗಿ ಅಂತ ಒಂದು ಕಡೆ ಓದಿದೆ. ನಂದು ಆರ್‌ಎಸ್‌ಎ 4096. ಬಿಸಾಕ್ಬೇಕಾ?

ಟರ್ಮಿನಲ್_ತಾತ:

ಬೇಡ. 2021ರ ಓಪನ್‌ಎಸ್‌ಎಸ್‌ಎಚ್ 8.8ರಲ್ಲಿ ಡೀಫಾಲ್ಟ್ ಆಗಿ ನಿಲ್ಲಿಸಿದ್ದು ಶಾ-1 ಹ್ಯಾಶ್ ಬಳಸೋ ಸಹಿನ. ಅದರ ಹೆಸರು ಎಸ್‌ಎಸ್‌ಎಚ್-ಆರ್‌ಎಸ್‌ಎ ಅಂತ ಇರೋದಕ್ಕೆ ಜನ ಆರ್‌ಎಸ್‌ಎ ಕೀನೇ ಹೋಯ್ತು ಅಂದ್ಕೊಂಡ್ರು. ಅದೇ ಕೀ ಶಾ-2 ಜೊತೆ ಚೆನ್ನಾಗೇ ಓಡುತ್ತೆ. ಒದ್ದಾಡೋದು ಹಳೇ ಸ್ವಿಚ್ಚು ರೌಟರ್‌ಗಳ ಜೊತೆ ಮಾತ್ರ, ಅವಕ್ಕೆ ಆ ಒಂದು ಹೋಸ್ಟ್ ಬ್ಲಾಕ್‌ನಲ್ಲಿ ಮಾತ್ರ ಹಳೇದನ್ನ ಒಪ್ಪಿಕೊಳ್ಳೋ ಹಾಗೆ ಬರೀರಿ, ಹೋಸ್ಟ್ ಸ್ಟಾರ್‌ನಲ್ಲಿ ಬರೀಬೇಡಿ. ಹೊಸದಾಗಿ ಮಾಡೋದಾದ್ರೆ ಇಡಿ25519 ಮಾಡಿ, ಪಬ್ಲಿಕ್ ಕೀ ಪುಟಾಣಿ, ಕಾಪಿ ಪೇಸ್ಟ್ ಮಾಡೋವಾಗ ಸಾಲು ಮುರಿಯಲ್ಲ, 2023ರ 9.5ರಿಂದ ಡೀಫಾಲ್ಟೂ ಅದೇ. ಡಿಎಸ್‌ಎ ಇದ್ರೆ ಮಾತ್ರ ಇವತ್ತೇ ತೆಗೀರಿ, 2025ರ 10.0ನಲ್ಲಿ ಕೋಡ್‌ನಿಂದಲೇ ಕಿತ್ತು ಹಾಕಿದ್ರು.

ಕೀ ಎಷ್ಟು ಬಿಟ್ ಅಂತ ಜನ ಜಗಳ ಆಡ್ತಾರೆ, ಕೀ ಹುಟ್ಟಿದ್ದು ಎಲ್ಲಿ ಅಂತ ಯಾರೂ ಕೇಳಲ್ಲ. 2008ರ ಮೇನಲ್ಲಿ ಡೆಬಿಯನ್ ಕಥೆ ಬಯಲಾಯ್ತಲ್ಲ, ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನಲ್ಲಿ ಒಂದೆರಡು ಸಾಲು ತೆಗೆದಿದ್ದಕ್ಕೆ ರ್‍ಯಾಂಡಮ್ ಅನ್ನೋದು ಬರೀ ಪ್ರೋಸೆಸ್ ನಂಬರ್ ಮೇಲೆ ನಿಂತಿತ್ತು. 2006ರಿಂದ ಅಲ್ಲೀವರೆಗೆ ಆ ಮಿಷಿನ್‌ಗಳಲ್ಲಿ ಹುಟ್ಟಿದ ಕೀಗಳು ಒಂದೊಂದು ಬಗೆಗೂ ಸೈಜಿಗೂ ಸುಮಾರು 32 ಸಾವಿರದಲ್ಲಿ ಒಂದು. 4096 ಬಿಟ್ ಇದ್ರೂ ಅಷ್ಟೇ. ಪಟ್ಟಿ ಮಾಡಿಟ್ಕೊಂಡು ಒಂದೊಂದೇ ಪ್ರಯತ್ನ ಮಾಡಿದ್ರೆ ಬಾಗಿಲು ತೆಗೀತಿತ್ತು.

ಸಕಲೇಶಪುರ_ಸೀಮೆ:

ಬ್ಯಾಕಪ್? ಕೀ ಕಳೆದ್ರೆ ಏನ್ ಮಾಡ್ತೀರ? ಅಮೆಜಾನ್ ಕ್ಲೌಡ್ ಸರ್ವರ್‌ನ ಪೆಮ್ ಫೈಲ್ (ಪ್ರೈವೇಟ್ ಕೀ) ಒಂದು ಕಳೆದ್ಹೋಗಿದೆ ಅಂತ ಗೆಳೆಯ ಒಬ್ಬ ತಲೆ ಮೇಲೆ ಕೈ ಹೊತ್ತು ಕೂತಿದಾನೆ.

ಗಿರಿ_ಮಂಜು_ಸರ್ವರ್:

ಪ್ರೈವೇಟ್ ಇದ್ರೆ ಎಸ್‌ಎಸ್‌ಎಚ್-ಕೀಜೆನ್ ಮೈನಸ್ ವೈ ಹಾಕಿ ಪಬ್ಲಿಕ್ ತೆಗೀಬಹುದು, ಪಬ್ಲಿಕ್‌ನಿಂದ ಪ್ರೈವೇಟ್ ಬರಲ್ಲ. ಅಮೆಜಾನ್ ಹತ್ರ ಕಾಪಿ ಇರಲ್ಲ, ಡೌನ್‌ಲೋಡ್ ಒಂದೇ ಸಲ. ಗೆಳೆಯನಿಗೆ ಹೇಳಿ, ಆ ಮಿಷಿನ್‌ನಲ್ಲಿ ಸೆಶನ್ ಮ್ಯಾನೇಜರ್ (ಅಮೆಜಾನ್‌ದೇ, ಕೀ ಇಲ್ಲದೆ ಒಳಗೆ ಹೋಗೋ ದಾರಿ) ಸಿದ್ಧ ಇದ್ರೆ ಅದ್ರಲ್ಲಿ ಒಳಗೆ ಹೋಗ್ಲಿ. ಇಲ್ಲಾಂದ್ರೆ ಮಿಷಿನ್ ನಿಲ್ಲಿಸಿ, ಅದರ ರೂಟ್ ಡಿಸ್ಕ್ ಬಿಚ್ಚಿ, ಇನ್ನೊಂದು ಮಿಷಿನ್‌ಗೆ ಸಿಕ್ಕಿಸಿ, ಆಥರೈಸ್ಡ್_ಕೀಸ್‌ಗೆ ಹೊಸ ಕೀ ಸೇರಿಸಿ ವಾಪಸ್ ಹಾಕ್ಲಿ.

ಬ್ಯಾಕಪ್ ಬಗ್ಗೆ ನಂದು ಬೇರೆ ಅಭಿಪ್ರಾಯ, ಕೀಗೆ ಬ್ಯಾಕಪ್ ಮಾಡಲ್ಲ. ಮನೆ ಡೆಸ್ಕ್‌ಟಾಪ್‌ನಲ್ಲಿ ಒಂದು ಕೀ, ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು, ಎರಡೂ ಎಲ್ಲಾ ಸರ್ವರ್‌ನಲ್ಲೂ ಇರುತ್ತೆ. ಒಂದು ಹೋದ್ರೆ ಇನ್ನೊಂದರಿಂದ ಹೋಗಿ ಹೊಸದು ಸೇರಿಸ್ತೀನಿ.

ಅಜ್ಜನ_ಉಬುಂಟು:

ದುಡ್ಡು ಹಾಕಕ್ಕೆ ರೆಡಿ ಇರೋರಿಗೆ ಹಾರ್ಡ್‌ವೇರ್ ಕೀ ಇದೆ, ಯುಬಿಕೀ ಥರದ್ದು. 2020ರ 8.2ರಿಂದ ಮೈನಸ್ ಟಿ ಇಡಿ25519-ಎಸ್‌ಕೆ ಅಂತ ಮಾಡಬಹುದು. ಪ್ರೈವೇಟ್ ಫೈಲ್ ಕದ್ರೂ ಪ್ರಯೋಜನ ಇಲ್ಲ, ಆ ಯುಎಸ್‌ಬಿ ಚುಕ್ಕಿ ಮುಟ್ಟಿದ್ರೆ ಮಾತ್ರ ಸೈನ್ ಆಗೋದು. ಸರ್ವರ್ ಕಡೆನೂ 8.2 ಅಥವಾ ಮೇಲೆ ಇರ್ಬೇಕು. ತಗೊಳ್ಳೋದಾದ್ರೆ ಎರಡು ತಗೊಳ್ಳಿ, ಒಂದೇ ಇದ್ದು ಅದು ತೋಟದಲ್ಲಿ ಬಿದ್ದೋದ್ರೆ ತರಗೆಲೆ ಅಡಿ ಹುಡುಕ್ತಾ ಕೂರ್ಬೇಕು.

ರೋಬಸ್ಟಾ_ರೂಟ್:

ಸುಮಾರು ಕ್ಲೀನ್ ಮಾಡ್ದೆ. ಲ್ಯಾಪ್‌ಟಾಪ್‌ಗೆ ಎರಡೇ ಕೀ, ಪೈಗೆ ಬೇರೆ ಯೂಸರ್ ರಿಸ್ಟ್ರಿಕ್ಟ್ ಸಮೇತ, ಚಿಕ್ಕಪ್ಪನ ಮಗ, ನನ್ ತಮ್ಮ, ಪಬ್ ಫೈಲ್ ಕಳಿಸ್ದ. ಎರಡು ಉಳಿದಿವೆ. ಪೈನ ಎಸ್‌ಡಿ ಕಾರ್ಡ್ ಹೊಸದಾಗಿ ಬರೆದ್ಮೇಲೆ "ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್" ಅಂತ ಹೆದರಿಸ್ತಿದೆ. ಇನ್ನೊಂದು, ವಿಪಿಎಸ್‌ನ ಆಥರೈಸ್ಡ್_ಕೀಸ್‌ನಲ್ಲಿ ಹೆಸರಿಲ್ಲದ ಹಳೇ ಸಾಲುಗಳು ತುಂಬಾ ಇವೆ, ಯಾವುದು ಬಳಕೆಯಲ್ಲಿದೆ ಅಂತ ಗೊತ್ತಾಗೋದು ಹೆಂಗೆ?

ಲ್ಯಾಬ್_ಮೇಷ್ಟ್ರು_ಹಾಸನ:

ಮೊದಲನೇದು ನಿಮ್ಮ ಕೀ ಅಲ್ಲ, ಪೈ ಹೋಸ್ಟ್ ಕೀ, ಅಂದ್ರೆ ಆ ಮಿಷಿನ್ ತನ್ನ ಗುರುತಿಗೆ ತೋರಿಸೋದು. ಹೊಸ ಓಎಸ್ ಹಾಕಿದಾಗ ಅದು ಹೊಸದಾಗಿ ಹುಟ್ಟುತ್ತೆ. ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಕ್ಯಾಪಿಟಲ್ ಆರ್ ಕೊಟ್ಟು ಪೈ ಹೆಸರು ಹಾಕಿದ್ರೆ ಹಳೇದು ಹೋಗುತ್ತೆ. ನೀವೇ ಕಾರ್ಡ್ ಬರೆದಿದೀರ, ಕಾರಣ ಗೊತ್ತಿದೆ, ಸರಿ. ಕಾರಣ ಗೊತ್ತಿಲ್ಲದೆ ಆ ಎಚ್ಚರಿಕೆ ಬಂದ್ರೆ ಸುಮ್ನೆ ಅಳಿಸಬಾರದು, ಫಿಂಗರ್‌ಪ್ರಿಂಟ್ ಬೇರೆ ದಾರಿಯಲ್ಲಿ ತಾಳೆ ನೋಡಿ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನವರ ಆರ್‌ಎಸ್‌ಎ ಹೋಸ್ಟ್ ಕೀನೇ ಸ್ವಲ್ಪ ಹೊತ್ತು ಒಂದು ಪಬ್ಲಿಕ್ ರೆಪೊನಲ್ಲಿ ಕಾಣಿಸ್ಕೊಂಡು ಅವರು ಬದಲಾಯಿಸ್ಬೇಕಾಯ್ತು, ಆ ಹಳೇ ಆರ್‌ಎಸ್‌ಎ ಹೋಸ್ಟ್ ಕೀ ಉಳಿಸ್ಕೊಂಡಿದ್ದೋರಿಗೆ ಇದೇ ಎಚ್ಚರಿಕೆ ಬಂತು, ಹೊಸ ಫಿಂಗರ್‌ಪ್ರಿಂಟ್‌ನ ಅವರ ಸೈಟ್‌ನಲ್ಲಿ ನೋಡಿ ಒಪ್ಕೋಬೇಕಿತ್ತು.

ಹೇಮಾವತಿ_ದಂಡೆ:

ಎರಡನೇದಕ್ಕೆ: ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಎಲ್ ಮೈನಸ್ ಎಫ್ ಕೊಟ್ಟು ಆಥರೈಸ್ಡ್_ಕೀಸ್ ಫೈಲ್ ಹೆಸರು ಹಾಕಿ, ಪ್ರತಿ ಸಾಲಿನ ಶಾ256 ಫಿಂಗರ್‌ಪ್ರಿಂಟ್ ಬರ್ತದೆ. ಆಮೇಲೆ ಡೆಬಿಯನ್, ಉಬುಂಟು ಆದ್ರೆ ಆಥ್ ಡಾಟ್ ಲಾಗ್ ಇಲ್ಲಾ ಜರ್ನಲ್‌ನಲ್ಲಿ "ಆಕ್ಸೆಪ್ಟೆಡ್ ಪಬ್ಲಿಕ್‌ಕೀ" ಅಂತ ಹುಡುಕಿ, ಅದೇ ಫಿಂಗರ್‌ಪ್ರಿಂಟ್ ಅಲ್ಲೂ ಇರ್ತದೆ. ಎರಡೂ ಪಕ್ಕ ಪಕ್ಕ ಇಟ್ಟು ನೋಡಿ. ಲಾಗ್ ಹಳೇದು ಅಳಿಸಿ ಹೋಗಿರ್ತದೆ, ಅದಕ್ಕೆ ಸಿಗದೇ ಇದ್ದಿದ್ದನ್ನ ಸೀದಾ ಡಿಲೀಟ್ ಮಾಡ್ಬೇಡಿ, ಸಾಲಿನ ಮುಂದೆ ಹ್ಯಾಶ್ ಗುರುತು (#) ಹಾಕಿ ಸ್ವಲ್ಪ ದಿನ ಬಿಡಿ, ತಿಂಗಳಿಗೊಂದ್ಸಲ ಓಡೋ ಬ್ಯಾಕಪ್ ಗಿಕಪ್ ಇದ್ರೆ ಕೂಗ್ಕೊತದೆ. ಉಳಿಸ್ಕೊಂಡ ಸಾಲಿನ ಕೊನೇಲಿ ಯಾವ ಮಿಷಿನ್ದು, ಯಾವ ವರ್ಷದ್ದು ಅಂತ ಬರ್ದಿಡಿ.

ಸಾಲು ತೆಗೆದ್ರೆ ಹೊಸ ಲಾಗಿನ್ ಮಾತ್ರ ನಿಲ್ತದೆ, ಆಗ್ಲೇ ಒಳಗೆ ಕೂತಿರೋ ಸೆಶನ್ ಹಂಗೇ ಇರ್ತದೆ. ಕೀ ಕಳ್ಳತನ ಆಗಿದೆ ಅಂತ ಅನುಮಾನ ಇದ್ರೆ ಹೂ (who) ಅನ್ನೋ ಕಮಾಂಡ್ ಹೊಡೆದು ಯಾರಿದಾರೆ ನೋಡಿ ಅವರ ಪ್ರೋಸೆಸ್ ಕಿಲ್ ಮಾಡಿ. ಫೈಲ್ ಎಡಿಟ್ ಮಾಡೋವಾಗ ಇರೋ ಸೆಶನ್ ಮುಚ್ಚಬೇಡಿ, ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಯ್ತು ಅಂತ ಕಣ್ಣಾರೆ ಕಂಡ ಮೇಲೆ ಮುಚ್ಚಿ.

ರೋಬಸ್ಟಾ_ರೂಟ್:

ಆಯ್ತಣ್ಣ, ಹ್ಯಾಶ್ ಹಾಕಿದೀನಿ. ಒಂದು ಸಾಲು ಆಗ್ಲೇ ಕೂಗ್ಕೊಂತು, ತಮ್ಮಂದು ಹಳೇ ಡೆಸ್ಕ್‌ಟಾಪಂತೆ, ಬೇಡ ತೆಗೀರಿ ಅಂದ.